ಪೂರ್ವದಂಡೆಯ ನಕ್ಷೆ

ಫೆಬ್ರವರಿ ೩, ಸೋಮವಾರ

ಬೆಳಿಗ್ಗೆ ಕಾರ್ಯದರ್ಶಿಗಳು ಕರೆಸಿದರು. ಮುಂದಿನ ತಿಂಗಳ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ನಮ್ಮ ದೇಶ ತನ್ನ ಆದ್ಯತೆಗಳನ್ನು ಘೋಷಿಸಬೇಕಂತೆ. ಆದ್ಯತೆಗಳು ಮೂರು: ನಿಶ್ಶಸ್ತ್ರೀಕರಣ, ಶಾಂತಿ ಸ್ಥಾಪನೆ, ಮಹಿಳೆಯರ ಪಾಲ್ಗೊಳ್ಳುವಿಕೆ. ಭಾಷಣ ಎಂಟು ನಿಮಿಷ. ಕರಡು ನನ್ನದು.

ಇಪ್ಪತ್ತಾರು ವರ್ಷದಿಂದ ವಿದೇಶಾಂಗ ಕಚೇರಿಯ ಎರಡನೇ ಮಹಡಿಯಲ್ಲಿ ಕೂತು ದೇಶದ ಮಾತು ಬರೆಯುತ್ತಿದ್ದೇನೆ. ಓದುವ ಮಂತ್ರಿಗಳು ಬದಲಾಗುತ್ತಾರೆ, ಬರೆಯುವವನು ನಾನೇ. ‘ಮಾಡುತ್ತೇವೆ’ ಎಂದು ಬರೆದರೆ ನಾಳೆ ಯಾರಾದರೂ ಕುತ್ತಿಗೆ ಹಿಡಿಯುತ್ತಾರೆ. ‘ಮಾಡುವ ದಿಸೆಯಲ್ಲಿ ಪ್ರಯತ್ನಶೀಲರಾಗಿದ್ದೇವೆ’ ಎಂದರೆ ಯಾರ ಕೈಗೂ ಸಿಗುವುದಿಲ್ಲ. ಅಡ್ಡಗೋಡೆಯ ಮೇಲೆ ದೀಪವಿಡುವುದೂ ಒಂದು ಕಸುಬು. ಈ ಕಸುಬಿನಲ್ಲಿ ನನ್ನನ್ನು ಮೀರಿಸಿದವರು ಕಚೇರಿಯಲ್ಲಿಲ್ಲ ಎಂದು ಕಾರ್ಯದರ್ಶಿಗಳೇ ಹೇಳುತ್ತಾರೆ.

ನಿಯೋಗದ ಪಟ್ಟಿಯಲ್ಲಿ ಒಂಬತ್ತು ಜನ. ಒಂಬತ್ತೂ ಗಂಡಸರು.

“ಮೂರನೇ ಆದ್ಯತೆಗೆ ಒಂದು ಮುಖ ಬೇಕಲ್ರೀ,” ಎಂದರು ಕಾರ್ಯದರ್ಶಿಗಳು. “ಮೀಸೆ ಇಲ್ಲದ್ದು.”

ಗಡಿ ಕಣಿವೆಯಲ್ಲಿ ನೆಲಬಾಂಬು ತೆಗೆಯುವ ಹೆಂಗಸರ ತಂಡವೊಂದಿದೆ ಎಂದು ನಾನೇ ಹೇಳಿದೆ. ಅವರು ಮೇಜು ಕುಟ್ಟಿ, “ಒಂದೇ ಕಲ್ಲಿಗೆ ಮೂರೂ ಹಣ್ಣು ಬಿತ್ತು ನೋಡಿ!” ಎಂದರು.

ಮನೆಯಲ್ಲಿ ಇವಳ, ನನ್ನ ಹೆಂಡತಿಯ, ಮೌನ ಮೂರನೇ ದಿನಕ್ಕೆ ಬಂದಿದೆ. ಶನಿವಾರ ಶಿಕ್ಷಣ ಕಚೇರಿಯಿಂದ ಫೋನ್ ಬಂದಿತ್ತು. ದೂರದ ಊರಿನ ಶಾಲೆಗೆ ಇವಳನ್ನು ಮುಖ್ಯೋಪಾಧ್ಯಾಯಿನಿ ಮಾಡುತ್ತಾರಂತೆ, ಒಪ್ಪಿಗೆಯೇ ಎಂದು ಕೇಳಿದರು. ಇವಳು ಹೊರಗೆ ಹೋಗಿದ್ದಳು. ಆಗುವುದಿಲ್ಲ ಎಂದು ಹೇಳಿ ಇಟ್ಟೆ. ಈ ವಯಸ್ಸಿನಲ್ಲಿ ಒಬ್ಬಳೇ ಎಲ್ಲಿ ಒದ್ದಾಡುತ್ತಾಳೆ? ಹೇಗೋ ಗೊತ್ತಾಗಿದೆ. ತಾನಾಗಿ ಸರಿಹೋಗುತ್ತದೆ.

ಫೆಬ್ರವರಿ ೬, ಗುರುವಾರ

ಎಂಟು ಗಂಟೆ ಬಸ್ಸಿನಲ್ಲಿ ಕೂತು ಸೊಂಟ ಹಿಡಿದುಕೊಂಡಿದೆ. ಕಣಿವೆಯ ಸರ್ಕಾರಿ ವಸತಿಗೃಹದಲ್ಲಿ ಕೂತು ಬರೆಯುತ್ತಿದ್ದೇನೆ.

ತಂಡದಲ್ಲಿ ಹನ್ನೊಂದು ಹೆಂಗಸರು. ಮುಖ್ಯಸ್ಥೆಯನ್ನು ಎಲ್ಲರೂ ಸೂಜಿಯಕ್ಕ ಎನ್ನುತ್ತಾರೆ. ನಲವತ್ತಾರು ವಯಸ್ಸು, ಗಟ್ಟಿ ಕೈ, ಮೆಲು ದನಿ. ಕೆಲಸ ಹೀಗಿದೆ: ಹೊಟ್ಟೆಯ ಮೇಲೆ ಮಲಗಿ, ಮುಖಕ್ಕೆ ದಪ್ಪ ಗಾಜಿನ ಮರೆ ಹಾಕಿಕೊಂಡು, ತೆಳುವಾದ ಸಲಾಕೆಯನ್ನು ಓರೆಯಾಗಿ ಮಣ್ಣಿಗೆ ತೂರಿಸುವುದು. ತಾಗಿದರೆ ನಿಲ್ಲುವುದು. ತಾಗದಿದ್ದರೆ ಎರಡು ಬೆರಳು ಮುಂದೆ. ಪ್ಲಾಸ್ಟಿಕ್ಕಿನ ಬಾಂಬುಗಳಾದ್ದರಿಂದ ಯಂತ್ರಕ್ಕೆ ಸುಳಿವೇ ಸಿಗುವುದಿಲ್ಲವಂತೆ. ನೋಡಿಯಾದ ನೆಲಕ್ಕೆ ಬಿಳಿ ಗೂಟ, ನೋಡದ್ದಕ್ಕೆ ಕೆಂಪು. ಬೆಳಗಿನಿಂದ ಸಂಜೆಗೆ ಒಬ್ಬೊಬ್ಬಳು ಒಂದು ಸಣ್ಣ ಕೋಣೆಯಷ್ಟು ನೆಲ ಮುಗಿಸಿದರೆ ಹೆಚ್ಚು.

ಬಿಳಿ ಗೂಟಗಳ ನಡುವೆ ನಿಂತೇ ಮಾತಾಡಿಸಿದೆ. ಕಾಲು ಒಂದಿಂಚು ಆಚೆ ಇಡಲಿಲ್ಲ.

“ಭಯ ಆಗಲ್ವೇನಮ್ಮಾ?”

“ಭಯ ಇರೋರನ್ನೇ ತಂಡಕ್ಕೆ ಸೇರಿಸ್ಕೊಳ್ಳೋದು ಸಾರ್. ಧೈರ್ಯವಂತರು ಬಂದ್ರೆ ವಾಪಸ್ ಕಳಿಸ್ತೀನಿ.”

ಪಕ್ಕದಲ್ಲಿ ಮಲಗಿ ಕೆಲಸ ಮಾಡುತ್ತಿದ್ದವಳು ತಲೆಯೆತ್ತದೆಯೇ, “ನನ್ನ ಮಾತ್ರ ಸಂಬಂಧ ನೋಡಿ ಸೇರಿಸ್ಕೊಂಡ್ಳು,” ಎಂದಳು. ಅವಳು ಈ ಹೆಂಗಸಿನ ನಾದಿನಿಯಂತೆ. ಇಬ್ಬರೂ ನಕ್ಕರು. ಬಾಂಬಿನ ಹೊಲದಲ್ಲಿ ನಗು ಕೇಳಿ ನನಗೆ ಒಂಥರಾ ಆಯಿತು.

ಸಮ್ಮೇಳನಕ್ಕೆ ಬರುತ್ತೀರಾ ಎಂದೆ. ಬಂದರೆ ನಕ್ಷೆ ಸಿಗುತ್ತದೆಯೇ ಎಂದು ಕೇಳಿದಳು. ಯುದ್ಧದ ವರ್ಷ ಬಾಂಬು ಹೂತದ್ದು ನಮ್ಮ ಸೈನ್ಯವೇ. ಯಾವ ಸಾಲು ಎಲ್ಲಿ ಎಂದು ನಕ್ಷೆ ಬರೆದಿಟ್ಟಿದೆ, ಕೊಡುತ್ತಿಲ್ಲ. ಹದಿನೇಳು ಅರ್ಜಿ ಹಾಕಿದ್ದಾಳೆ. ನಕ್ಷೆಯಿದ್ದರೆ ನಾಲ್ಕು ವರ್ಷದ ಕೆಲಸ, ಇಲ್ಲದಿದ್ದರೆ ಮೂವತ್ತು ವರ್ಷದ್ದು. ಏಪ್ರಿಲ್‌ನಲ್ಲಿ ಹೊಳೆಯ ಪೂರ್ವದಂಡೆ ಶುರು ಮಾಡಬೇಕು. ಅತಿ ಕೆಟ್ಟ ಜಾಗ ಅದೇ.

“ಭಾಷಣದಲ್ಲಿ ನಕ್ಷೆ ಕೊಡ್ತೀವಿ ಅಂತ ಒಂದು ಮಾತು ಹಾಕಿ ಸಾರ್. ಬೇರೆ ದೇಶದೋರ ಮುಂದೆ ಹೇಳಿದ್ದನ್ನ ತಿರುಗಿಸೋಕೆ ಆಗಲ್ಲ ಅಲ್ವಾ?”

ಪಾಪ. ಆದರೂ ಹಾಕುತ್ತೇನೆ ಎಂದೆ. ಹಾಕುವುದರಲ್ಲೇನಿದೆ?

ಫೆಬ್ರವರಿ ೧೪, ಶುಕ್ರವಾರ

ಕರಡು ರಕ್ಷಣಾ ಇಲಾಖೆಗೆ ಹೋಗಿ ಬಂತು. ‘ಗಡಿ ಕಣಿವೆಯ ನೆಲಬಾಂಬುಗಳ ನಕ್ಷೆಯನ್ನು ಆರು ತಿಂಗಳೊಳಗೆ ಒದಗಿಸುತ್ತೇವೆ’ ಎಂಬ ವಾಕ್ಯಕ್ಕೆ ಅಡ್ಡಗೆರೆ. ಬದಲಿಗೆ, ‘ನಕ್ಷೆಗಳ ವಿಚಾರವನ್ನು ಸಕಾಲದಲ್ಲಿ ಪರಿಶೀಲಿಸಲಾಗುವುದು.’ ಅದೃಷ್ಟ. ಪೂರ್ತಿ ತೆಗೆಯಲಿಲ್ಲ. ‘ಸಕಾಲದಲ್ಲಿ’ ಒಳ್ಳೆಯ ಪದ, ಉಸಿರಾಡಲು ಜಾಗವಿದೆ.

ಫೆಬ್ರವರಿ ೨೦, ಗುರುವಾರ

ಆಕೆ ರಾಜಧಾನಿಗೆ ಬಂದಿದ್ದಾಳೆ. ಒಂದೂವರೆ ನಿಮಿಷದ ಮಾತು ಬರೆದುಕೊಟ್ಟು ಓದಿಸಿದೆ. ಚೆನ್ನಾಗಿ ಓದುತ್ತಾಳೆ, ಆದರೆ ಪ್ರತಿ ವಾಕ್ಯದ ಕೊನೆಗೆ ನಿಂತು ಅದರ ಅರ್ಥ ಕೇಳುತ್ತಾಳೆ.

“ಸಕಾಲ ಅಂದ್ರೆ ಯಾವಾಗ ಸಾರ್?”

“ಸೂಕ್ತ ಸಮಯದಲ್ಲಿ.”

“ನಮ್ಮ ಕಡೆ ‘ನೋಡೋಣ’ ಅಂದ್ರೆ ‘ಇಲ್ಲ’ ಅಂತ ಅರ್ಥ. ನಿಮ್ಮ ಕಡೆ?”

ವಸತಿಗೃಹ ಖಾಲಿಯಿರಲಿಲ್ಲ, ಮನೆಗೇ ಕರೆದುಕೊಂಡು ಬರಬೇಕಾಯಿತು. ಇವಳು ಮುಖ ಗಂಟಿಕ್ಕಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಊಟವಾದ ಮೇಲೆ ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತು ಹರಟಿದ್ದೇ ಹರಟಿದ್ದು. ಸಲಾಕೆ ಯಾವ ಕೋನದಲ್ಲಿ ಹೋಗಬೇಕು ಎಂದು ಇವಳು ಚಪಾತಿ ಕೋಲು ಹಿಡಿದು ಲೆಕ್ಕ ಹೇಳಿದಳು; ಇಪ್ಪತ್ತೆರಡು ವರ್ಷ ಗಣಿತ ಕಲಿಸಿದವಳಲ್ಲವೇ. ಆಕೆ “ಅಯ್ಯೋ, ಅಕ್ಕೋರು ನಮ್ಮ ತಂಡಕ್ಕೇ ಬನ್ನಿ,” ಎಂದಳು.

“ನನ್ನ ಪರವಾಗಿ ಉತ್ತರ ಹೇಳೋರು ಆಚೆ ಕೂತಿದ್ದಾರೆ, ಅವರನ್ನ ಕೇಳಿ,” ಎಂದಳು ಇವಳು.

ನನಗೆ ಕೇಳಲೆಂದೇ ಹೇಳಿದ್ದು. ಪತ್ರಿಕೆ ಮಡಚಿ ಎದ್ದು ಹೋದೆ.

ಮಾರ್ಚ್ ೫, ಬುಧವಾರ

ಸಮ್ಮೇಳನ ಮುಗಿಯಿತು. ನಡೆದದ್ದನ್ನು ನಡೆದಂತೆ ಬರೆದಿಡುತ್ತೇನೆ.

ಬೆಳಿಗ್ಗೆ ಉಪಾಹಾರದ ಮೇಜಿನಲ್ಲಿ ಕಾರ್ಯದರ್ಶಿಗಳು ಅಂತಿಮ ಪ್ರತಿ ಕೊಟ್ಟರು. ನಕ್ಷೆಯ ವಾಕ್ಯವೇ ಇರಲಿಲ್ಲ. ಮಂತ್ರಿಗಳ ಭಾಷಣದಲ್ಲೂ ಇಲ್ಲ, ಆಕೆಯ ಮಾತಿನಲ್ಲೂ ಇಲ್ಲ.

“ಉದ್ದ ಆಯ್ತಂತೆ. ಅವಳಿಗೆ ನೀವೇ ಹೇಳಿಬಿಡ್ರೀ. ನಿಮ್ಮ ಮಾತು ಕೇಳ್ತಾಳೆ.”

ಸಭಾಂಗಣದ ಹೊರಗಿನ ಉದ್ದ ಬೆಂಚಿನ ಮೇಲೆ ಆಕೆ ಕೂತಿದ್ದಳು. ಕುತ್ತಿಗೆಯಲ್ಲಿ ಗುರುತುಚೀಟಿ, ತೊಡೆಯ ಮೇಲೆ ಕಾಗದ. ಹೇಳಿದೆ. ಕಾಗದ ಮಡಚಿ ನನ್ನ ಕೈಗಿಟ್ಟಳು.

“ಹಾಗಾದ್ರೆ ನಾನು ಓದಲ್ಲ ಸಾರ್. ನೀವೇ ಓದ್ಕೊಳ್ಳಿ. ನೋಡೋಕೆ ಒಬ್ಬಳು ಹೆಂಗಸು ಬೇಕು ಅಷ್ಟೇ ತಾನೇ? ಕೂತಿರ್ತೀನಿ, ನೋಡ್ಕೊಳ್ಳಲಿ.”

ಇನ್ನು ಇಪ್ಪತ್ತು ನಿಮಿಷವಿತ್ತು. ಕಾರ್ಯಸೂಚಿಯಲ್ಲಿ ಆಕೆಯ ಮಾತು ಅಚ್ಚಾಗಿತ್ತು. ನಾನು ಹೇಳಿದೆ, “ಇವತ್ತು ಓದಿ. ವಾಪಸ್ ಹೋದ ತಕ್ಷಣ ನಕ್ಷೆ ನಾನು ಕೊಡಿಸ್ತೀನಿ.”

“ನೀವು ಅಂದ್ರೆ, ನೀವೇನಾ? ಇಲ್ಲಾ ನಿಮ್ಮ ಕಚೇರೀನಾ?”

“ನಾನೇ.”

ನನ್ನ ಮುಖ ನೋಡಿದಳು. ಆಮೇಲೆ ಕಾಗದ ಇಸಿದುಕೊಂಡಳು.

ನಮ್ಮ ದೇಶದ ಫಲಕದ ಹಿಂದೆ, ಎರಡನೇ ಸಾಲಿನಿಂದ ಎದ್ದು ಬಂದು ಓದಿದಳು. ಒಂದಕ್ಷರ ತಪ್ಪಲಿಲ್ಲ. ದೊಡ್ಡ ಚಪ್ಪಾಳೆ. ಮೂರು ದೇಶದ ರಾಯಭಾರಿಗಳು ಆಕೆಯ ಜೊತೆ ಫೋಟೋ ತೆಗೆಸಿಕೊಂಡರು. ಮಂತ್ರಿಗಳು ನನ್ನ ಬೆನ್ನು ತಟ್ಟಿದರು. ವಾಪಸು ಬರುವ ವಿಮಾನದಲ್ಲಿ ಕಿಟಕಿ ಪಕ್ಕ ಕೂತ ಆಕೆ ಕೆಳಗೆ ನೋಡುತ್ತ, “ಇಷ್ಟು ಎತ್ತರದಿಂದ ಎಲ್ಲಾ ನೆಲವೂ ಚೆನ್ನಾಗೇ ಕಾಣುತ್ತೆ,” ಎಂದಳು.

ಆ ಹೊತ್ತಿಗೆ ಬೇರೇನು ಹೇಳಬಹುದಿತ್ತು? ಮೂಗಿಗೆ ತುಪ್ಪ ಸವರಿದೆ, ನಿಜ. ನಮ್ಮ ಕೆಲಸದಲ್ಲಿ ಯಾರು ಸವರಿಲ್ಲ?

ಮಾರ್ಚ್ ೨೧, ಶುಕ್ರವಾರ

ನಕ್ಷೆ ಕೋರಿ ರಕ್ಷಣಾ ಇಲಾಖೆಗೆ ಟಿಪ್ಪಣಿ ಕಳಿಸಿದ್ದೆ. ‘ಗಮನಿಸಲಾಗಿದೆ’ ಎಂದು ಬಂತು. ಮತ್ತೊಂದು ಕಳಿಸಿದೆ.

ಆಕೆ ಎರಡು ಸಲ ಫೋನ್ ಮಾಡಿದಳು. ಒಂದು ಸಲ ಎತ್ತಿದೆ.

ಏಪ್ರಿಲ್ ೮, ಮಂಗಳವಾರ

ಪೂರ್ವದಂಡೆಯಲ್ಲಿ ನಿನ್ನೆ ಬಾಂಬು ಸಿಡಿದಿದೆ. ಸೂಜಿಯಕ್ಕ.

ಏಪ್ರಿಲ್ ೯, ಬುಧವಾರ

ಜೀವಕ್ಕೆ ಅಪಾಯವಿಲ್ಲವಂತೆ. ಬಲಗೈ ಮಣಿಕಟ್ಟಿನಿಂದ ಹೋಗಿದೆ. ಗಾಜಿನ ಮರೆ ಒಡೆದು ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದಾರೆ, ಎಡಗಣ್ಣು ಉಳಿಯಬಹುದು. ಎರಡು ಸಾಲು ಇವೆಯೆಂದು ಎಣಿಸಿದ್ದರು. ಆ ತುದಿಯಲ್ಲಿ ಎರಡನೆಯದನ್ನೂ ತೆಗೆದು ಮುಗಿಸಿ, ಒಂದು ಹೆಜ್ಜೆ ಮುಂದಿಟ್ಟು, ಬಗ್ಗಿ ಗೂಟ ಒತ್ತಿದಾಗ ಆಗಿದ್ದು. ಮೂರನೆಯ ಸಾಲು ಇತ್ತು. ಆ ಜಾಗಕ್ಕೆ ಬೇರೆ ಯಾರನ್ನೂ ಕಳಿಸದೆ ತಾನೇ ಹೋಗಿದ್ದಳಂತೆ. ಇಷ್ಟನ್ನೂ ಫೋನಿನಲ್ಲಿ ಹೇಳಿದವಳು ನಾದಿನಿ. ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ.

ಇವಳಿಗೆ ಹೇಳಿದೆ. ಅನ್ನದ ತಟ್ಟೆ ಹಾಗೇ ಬಿಟ್ಟು ಎದ್ದಳು. ಬಾಗಿಲಲ್ಲಿ ನಿಂತು, “ನೀವು ಕೊಡಿಸ್ತೀನಿ ಅಂದಿದ್ರಂತೆ,” ಎಂದಳು.

ನಾನು ಮಾತಾಡಿದ್ದಕ್ಕಿಂತ ಹೆಚ್ಚು ಸಲ ಇವಳೂ ಸೂಜಿಯಕ್ಕನೂ ಮಾತಾಡಿಕೊಂಡಿದ್ದಾರೆ.

ಏಪ್ರಿಲ್ ೧೧, ಶುಕ್ರವಾರ

ದಾಖಲೆ ಕೋಣೆಗೆ ಹೋಗಿ, ರಕ್ಷಣಾ ಇಲಾಖೆಯಿಂದ ನಕ್ಷೆ ತರಿಸುವ ದಾರಿ ಬೇರೇನಾದರೂ ಇದೆಯೇ ಎಂದು ಅಲ್ಲಿನ ಮೇಲ್ವಿಚಾರಕರನ್ನು ಕೇಳಿದೆ. ಇನ್ನೆರಡು ತಿಂಗಳಿಗೆ ನಿವೃತ್ತರಾಗುವ ಮನುಷ್ಯ. ಕನ್ನಡಕ ಹಣೆಗೇರಿಸಿ ನನ್ನನ್ನು ವಿಚಿತ್ರವಾಗಿ ನೋಡಿದರು.

“ಅಲ್ಲಿಂದ ಯಾಕೆ ಸಾರ್ ತರಿಸ್ತೀರಿ? ನಮ್ಮಲ್ಲೇ ಇದೆಯಲ್ಲ.”

“ಎಲ್ಲಿ?”

“ಕದನವಿರಾಮದ ಒಪ್ಪಂದ ಆಯ್ತಲ್ಲ, ನಾಲ್ಕು ವರ್ಷದ ಹಿಂದೆ. ಅದರ ಜೊತೆ ಲಕೋಟೇಲಿ ಬಂತು. ಕಬ್ಬಿಣದ ಬೀರು, ಮೇಲಿನ ಅರೆ. ತಗೊಂಡಿದ್ದು ನೀವೇ ಸಾರ್.”

ಪುಸ್ತಕ ತೆಗೆದು ತೋರಿಸಿದರು. ‘ಅನುಬಂಧ ಮೂರು, ನಕ್ಷೆಗಳು, ನಾಲ್ಕು ಹಾಳೆ. ಸ್ವೀಕರಿಸಿ ಪರಿಶೀಲಿಸಿದೆ.’ ಕೆಳಗೆ ನನ್ನ ಸಹಿ. ಆ ವಾರ ಒಪ್ಪಂದದ ಗದ್ದಲದಲ್ಲಿ ದಿನಕ್ಕೆ ನೂರು ಕಾಗದಕ್ಕೆ ಸಹಿ ಹಾಕುತ್ತಿದ್ದೆ. ಲಕೋಟೆಯ ಅರಗು ಒಡೆದೇ ಇಲ್ಲ. ತೆರೆಯದೆ ಪರಿಶೀಲಿಸಿದ್ದೆ.

ಬೀರು ನನ್ನ ಕುರ್ಚಿಯಿಂದ ಹದಿನಾಲ್ಕು ಹೆಜ್ಜೆ ದೂರ. ಇವತ್ತು ಎಣಿಸಿದೆ.

ಏಪ್ರಿಲ್ ೧೫, ಮಂಗಳವಾರ

ಕಾರ್ಯದರ್ಶಿಗಳ ಬಳಿ ಅನುಮತಿ ಕೇಳಿದೆ. ಬಾಗಿಲು ಹಾಕಲು ಹೇಳಿದರು.

“ಆ ಲಕೋಟೆ ಇದೆ ಅಂತಾನೇ ನಮಗೆ ಗೊತ್ತಿಲ್ಲ. ತಿಳೀತಾ?”

“ನನ್ನ ಸಹಿ ಇದೆ ಸರ್.”

“ಅದಕ್ಕೇ ಹೇಳಿದ್ದು. ನಾಲ್ಕು ವರ್ಷ ಇಟ್ಕೊಂಡು ಕೂತಿದ್ದೆ ಅಂತ ನೀವೇ ಸಾರ್ತೀರಾ? ಗಡಿ ಯಾವಾಗ ಬೇಕಾದ್ರೂ ಬಿಸಿ ಆಗಬಹುದು. ಆ ಬಾಂಬುಗಳು ಅಲ್ಲಿರೋದು ಕೆಲವರಿಗೆ ಬೇಕು.”

“ಹೋದ ತಿಂಗಳು ನಾವು ಓದಿದ್ದು...”

“ಅದು ಅಲ್ಲಿ ಓದೋಕೆ ಬರೆದದ್ದು. ಬರೆದವರು ನೀವು, ನಿಮಗೆ ನಾನು ಹೇಳಿಕೊಡಬೇಕೇನ್ರೀ?”

ಸರಿ ಎಂದು ಬಂದೆ. ದಾಖಲೆ ಕೋಣೆಯ ಮೇಲ್ವಿಚಾರಕರು ಊಟಕ್ಕೆ ಹೊರಟಿದ್ದರು. ಬೀಗದ ಕೈ ಗೊಂಚಲನ್ನು ಮೇಜಿನ ಮೇಲೇ ಬಿಟ್ಟು, “ನನಗೆ ಇತ್ತೀಚೆಗೆ ಊಟ ಮಾಡೋಕೆ ಒಂದು ಗಂಟೆ ಬೇಕು ಸಾರ್, ಹಲ್ಲು ಸರಿಯಿಲ್ಲ,” ಎಂದರು.

ಅರಗು ಒಡೆದೆ. ತೆಳು ಕಾಗದ ಹಾಸಿ ಮೊದಲ ಹಾಳೆಯನ್ನು ಪೆನ್ಸಿಲಿನಲ್ಲಿ ತಿದ್ದಿ ತೆಗೆದೆ.

ಏಪ್ರಿಲ್ ೧೮, ಶುಕ್ರವಾರ

ನಾಲ್ಕೂ ಹಾಳೆ ಮುಗಿದವು. ನಾಲ್ಕು ಮಧ್ಯಾಹ್ನ. ಮೇಲ್ವಿಚಾರಕರ ಹಲ್ಲುನೋವು ಪ್ರತಿದಿನವೂ ಇತ್ತು.

ಸಂಜೆ ಶಿಕ್ಷಣ ಕಚೇರಿಯಿಂದ ಫೋನ್. ಆ ಊರಿನ ಜಾಗ ಬೇರೆಯವರಿಗೆ ಹೋಗಿದೆ, ಅದಕ್ಕಿಂತ ದೂರದ್ದೊಂದು ಖಾಲಿಯಿದೆಯಂತೆ. “ಇದ್ದಾಳೆ, ಕೊಡ್ತೀನಿ,” ಎಂದು ಇವಳ ಕೈಗೆ ಕೊಟ್ಟೆ. ಆಗಲಿ ಎಂದಳು. ಜೂನ್ ಎರಡಕ್ಕೆ ಹಾಜರಾಗಬೇಕು. ಮನೆ ಭಣಗುಟ್ಟುತ್ತದೆ. ನಾಳೆಯ ಬಸ್ಸಿಗೆ ಚೀಲ ಕಟ್ಟಿಕೊಳ್ಳುತ್ತಿದ್ದೇನೆ.

ಏಪ್ರಿಲ್ ೨೦, ಭಾನುವಾರ

ಕಣಿವೆಯ ಆಸ್ಪತ್ರೆ. ಹೆಂಗಸರ ವಾರ್ಡು, ಹನ್ನೆರಡು ಮಂಚ, ಸೀಮೆಸುಣ್ಣದಂಥ ಗೋಡೆ, ಔಷಧಿಯ ಘಾಟು. ಕೊನೆಯ ಮಂಚದಲ್ಲಿ ಅಕ್ಕ ದಿಂಬಿಗೊರಗಿ ಕೂತಿದ್ದರು. ಕಣ್ಣಿಗೆ ಪಟ್ಟಿ. ತೋಳಿನ ತುದಿ ದೊಡ್ಡ ಬಿಳಿಯ ಉಂಡೆ. ನನ್ನ ಹೆಜ್ಜೆ ಸದ್ದಿಗೇ, “ಬೂಟು ಹಾಕ್ಕೊಂಡು ಬಂದಿರೋರು ಯಾರು?” ಎಂದರು.

ನಾನು ಎಂದೆ. ನಾದಿನಿ ಸ್ಟೂಲು ಎಳೆದು ಕೊಟ್ಟಳು.

ನಕ್ಷೆ ತಂದಿದ್ದೇನೆ ಎಂದೆ. ನಾಲ್ಕು ವರ್ಷದಿಂದ ನಮ್ಮ ಕಚೇರಿಯ ಬೀರುವಿನಲ್ಲೇ ಇತ್ತು, ತೆರೆದು ನೋಡಿರಲಿಲ್ಲ, ನೋಡಿದೆ ಎಂದು ಸಹಿ ಹಾಕಿದ್ದೆ. ಅದನ್ನೂ ಹೇಳಿದೆ. ದಾರಿಯುದ್ದಕ್ಕೂ ಬೇರೆ ರೀತಿ ಹೇಳಬೇಕೆಂದು ಜೋಡಿಸಿಕೊಂಡು ಬಂದಿದ್ದೆ, ಬಾಯಿಗೆ ಬಂದದ್ದು ಅಷ್ಟೇ.

ಪಕ್ಕದ ಮಂಚದ ಮುದುಕಿ ಕೆಮ್ಮಿದಳು. ನಾದಿನಿ ಗೋಡೆಗೆ ಮುಖ ಮಾಡಿ ನಿಂತಳು.

ಅಕ್ಕ, “ಪೂರ್ವದಂಡೆ ಓದಿ,” ಎಂದರು.

ತಂಡದ ಇನ್ನೂ ಮೂವರು ಬಂದು ಮಂಚದ ಅಂಚಿನಲ್ಲಿ ಕೂತರು. ಒಬ್ಬಳು ನೋಟುಪುಸ್ತಕ ಬಿಡಿಸಿದಳು. ಓದಿದೆ. ಒಡೆದ ಸೇತುವೆಯ ಕಂಬದಿಂದ ಉತ್ತರಕ್ಕೆ ನಲವತ್ತು ಮೀಟರು, ಮೊದಲ ಸಾಲು, ಎಪ್ಪತ್ತೊಂದು. ಅಲ್ಲಿಂದ ಐದು ಮೀಟರಿಗೆ ಎರಡನೆಯದು, ಎಪ್ಪತ್ತೊಂದು. ಅಲ್ಲಿಂದ ಎರಡು ಮೀಟರಿಗೆ ಮೂರನೆಯದು, ಎಪ್ಪತ್ತೆರಡು.

“ಎರಡೇ ಮೀಟರಾ?”

“ಎರಡೇ.”

“ಹೂಂ.” ಎಡಗೈಯಿಂದ ಹೊದಿಕೆಯ ಮೇಲೆ ಅಳತೆ ಹಾಕಿದರು. ಎಂಟು ಗೇಣು, ಒಂಬತ್ತು ಗೇಣು. “ಅಲ್ಲೇ ನಾನು ಗೂಟ ನೆಡೋಕೆ ಹೋಗಿದ್ದು.”

ಮೂರು ಗಂಟೆ ಓದಿದೆ. ನಡುವೆ ನಾದಿನಿ ನೀರು ಕೊಟ್ಟಳು. ಕ್ಷಮಿಸಿ ಎಂದು ಹೊರಡುವಾಗ ಹೇಳಿದೆ. “ಅದನ್ನ ಆಮೇಲೆ ನೋಡೋಣ ಸಾರ್,” ಎಂದರು ಅಕ್ಕ. ‘ನೋಡೋಣ’ ಎಂದರೆ ಅವರ ಕಡೆ ಏನರ್ಥ ಎಂದು ನನಗೆ ಗೊತ್ತಿದೆ.

ಮೇ ೨, ಶುಕ್ರವಾರ

ನೋಟೀಸು ಬಂತು. ರಹಸ್ಯ ದಾಖಲೆ ಹೊರಹೋದ ಬಗ್ಗೆ ಏಳು ದಿನದೊಳಗೆ ವಿವರಣೆ ಕೊಡಬೇಕು. ಅಲ್ಲಿಯವರೆಗೆ ಅಮಾನತು. ಕಾರ್ಯದರ್ಶಿಗಳೇ ಮನೆಗೆ ಫೋನ್ ಮಾಡಿದರು, ದನಿಯಲ್ಲಿ ನಿಜವಾದ ಕಳಕಳಿಯಿತ್ತು.

“ಮೆತ್ತಗೆ ಬರೀರಿ. ‘ಪ್ರತಿ ಕೈತಪ್ಪಿ ಹೋಗಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು’ ಅಂತ. ಪಿಂಚಣಿ ಉಳಿಸೋಣ.”

ಬಿಳಿ ಹಾಳೆ ಮುಂದಿಟ್ಟುಕೊಂಡು ಮಧ್ಯಾಹ್ನವೆಲ್ಲ ಕೂತೆ. ‘ನಕ್ಷೆಯನ್ನು ನಾನೇ ಕೊಟ್ಟೆ’ ಎಂಬುದನ್ನು ಬಿಟ್ಟು ಬೇರೆ ವಾಕ್ಯವೇ ಹೊಳೆಯಲಿಲ್ಲ. ಮೊದಲಾದರೆ ಐದು ನಿಮಿಷದ ಕೆಲಸ. ವಯಸ್ಸಾಯಿತು, ಪದಗಳು ಕೈಕೊಡುತ್ತಿವೆ. ಅದನ್ನೇ ಬರೆದು ಕಳಿಸಿದೆ.

ಕಳಿಸುವ ಮುಂಚೆ ಇವಳು ಓದಿ, ಕಾಗುಣಿತ ಸರಿಯಾಗಿದೆ ಎಂದಳು.

ಜೂನ್ ೫, ಗುರುವಾರ

ಇವಳು ಹೋಗಿ ಐದು ದಿನ. ಟ್ರಂಕು ಬಸ್ಸಿನ ಮೇಲೇರಿಸಿ ಬಂದೆ. ತಿಂಗಳಿಗೊಮ್ಮೆ ಬರುತ್ತಾಳಂತೆ. ‘ಅಂತೆ’ ಎಂದು ಯಾಕೆ ಬರೆದೆ? ಬರುತ್ತೇನೆ ಎಂದಿಲ್ಲ, ನೋಡುತ್ತೇನೆ ಎಂದಳು.

ವಿಚಾರಣೆ ನಡೆಯುತ್ತಿದೆ. ಮೇಲ್ವಿಚಾರಕರು ನಿವೃತ್ತರಾದರು, ಅವರ ಹೆಸರು ನಾನು ಎತ್ತಲಿಲ್ಲ.

ಬೆಳಿಗ್ಗೆ ಹತ್ತಕ್ಕೆ ಅಕ್ಕನ ಫೋನ್. ಆಸ್ಪತ್ರೆಯಲ್ಲಿ ಕಂಡ ಮೇಲೆ ಇದೇ ಮೊದಲು. ಹೊಳೆಯ ದಂಡೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದೇನೆ ಎಂದರು. ಎಡಗಣ್ಣಿಗೆ ಮಂಜು ಮಂಜಾಗಿ ಕಾಣುತ್ತದಂತೆ. ಮೂರನೇ ಸಾಲು ಶುರುವಾಗಿದೆ. ನಕ್ಷೆಯಲ್ಲಿದ್ದ ಹಾಗೇ ಮೊದಲ ನಾಲ್ಕು ಸಿಕ್ಕವು.

“ಐದನೇದು ಅಲ್ಲಿಲ್ಲ ಸಾರ್.”

“ಇಲ್ಲ ಅಂದ್ರೆ?”

“ಹೊಳೆ ಉಕ್ಕಿದ ವರ್ಷ ನೀರು ಎಳ್ಕೊಂಡು ಹೋಗಿರಬೇಕು. ಎಷ್ಟು ದೂರ, ಯಾವ ಕಡೆ, ಗೊತ್ತಿಲ್ಲ. ನಾದಿನಿ ಮಲಗಿ ಹುಡುಕ್ತಾ ಇದ್ದಾಳೆ.”

ನಾನೇನು ಮಾಡಬೇಕು ಎಂದು ಕೇಳಿದೆ.

“ಏನೂ ಇಲ್ಲ. ನನಗೆ ಕಾಣಲ್ಲ, ಸುಮ್ನೆ ಕೂರೋಕೆ ಆಗ್ತಾ ಇಲ್ಲ. ಅವಳು ಎದ್ದು ಬರೋ ತನಕ ಫೋನ್ ಇಡಬೇಡಿ.”

ಇಡಲಿಲ್ಲ. ಆ ಕಡೆ ಗಾಳಿ, ಹೊಳೆಯ ಸದ್ದು, ಅಕ್ಕನ ಉಸಿರು. ಎಲ್ಲೋ ಒಂದು ಹಕ್ಕಿ. ಕಿವಿ ಬಿಸಿಯಾದಾಗ ಇನ್ನೊಂದು ಕಿವಿಗೆ ಹಿಡಿದೆ. ಗಡಿಯಾರ ಹನ್ನೊಂದು ದಾಟಿತು. ಹನ್ನೊಂದೂಕಾಲಿಗೆ ದೂರದಲ್ಲಿ ಯಾರೋ ಸೀಟಿ ಊದಿದರು.

“ಬಂದ್ಳು,” ಎಂದರು ಅಕ್ಕ, ಮತ್ತು ಫೋನ್ ಇಟ್ಟರು.